ಚದುರಂಗದ ಹಾಸಿನಲ್ಲಿ ಅಡಗಿರುವ ಒಂದು ಸಂಖ್ಯೆ

ಈ ಸಲ ನಾವು ವಾಚಕರ ಮುಂದೆ ಇಡಬೇಕೆಂದಿರುವುದು ಕಥೆಯಲ್ಲ, ಪ್ರವಾಸವೃತ್ತಾಂತವಲ್ಲ, ಆರೋಗ್ಯವಿಚಾರವೂ ಅಲ್ಲ; ಒಂದೇ ಒಂದು ಸಂಖ್ಯೆ. ಅದನ್ನು ಮೊದಲೇ ಬರೆದುಬಿಡುವೆವು:

೧,೮೪,೪೬,೭೪,೪೦,೭೩,೭೦,೯೫,೫೧,೬೧೫.

ಇಪ್ಪತ್ತು ಅಂಕಗಳ ಈ ಸಾಲನ್ನು ಕಂಡೊಡನೆಯೇ ಪುಟವನ್ನು ಮಗುಚಿಬಿಡಬೇಕೆಂದು ಕೆಲವರಿಗೆ ತೋರಬಹುದು. ಹಾಗೆ ಮಾಡಬಾರದೆಂದು ನಮ್ಮ ಪ್ರಾರ್ಥನೆ. ಮುಂದೆ ಬರುವ ಸಂಗತಿಗಳನ್ನು ಅರಿಯುವುದಕ್ಕೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಈ ನಾಲ್ಕು ಬಂದರೆ ಸಾಕು. ಮನೆಯ ಮಕ್ಕಳ ಕೈಯಲ್ಲಿ ಹಲಗೆ ಬಳಪಗಳಿದ್ದರೆ ಇನ್ನೂ ಉತ್ತಮ.

ಸಂಖ್ಯೆಯು ಹುಟ್ಟಿದ ಕಥೆ ಬಹುಮಂದಿಗೆ ಗೊತ್ತಿರುವುದೇ. ಚದುರಂಗವನ್ನು ಕಂಡುಹಿಡಿದ ಜ್ಞಾನಿಯೊಬ್ಬನಿಗೆ ರಾಜನು ಮೆಚ್ಚಿ, ಬೇಕಾದುದನ್ನು ಕೇಳೆಂದನಂತೆ. ಆತನು ಹಾಸಿನ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಅರವತ್ತನಾಲ್ಕು ಮನೆಗಳಿಗೂ ಇಮ್ಮಡಿಸುತ್ತ ಹೋಗಿ ಕೊಡಿಸಬೇಕೆಂದು ಬೇಡಿದನಂತೆ. ಹದಿಮೂರನೆಯ ಶತಮಾನದ ಅರಬ್ಬೀ ಲೇಖಕನಾದ ಇಬ್ನ್ ಖಲ್ಲಿಕಾನನು ಈ ಜ್ಞಾನಿಯನ್ನು ಸಿಸ್ಸನೆಂದು ಕರೆದಿದ್ದಾನೆ. ಕೊನೆಗೆ ರಾಜನು ಆತನನ್ನು ಮಂತ್ರಿಯನ್ನಾಗಿ ಮಾಡಿಕೊಂಡನೋ, ತಲೆಯನ್ನು ತೆಗೆಯಿಸಿದನೋ ಎಂಬುದರಲ್ಲಿ ಕಥೆ ಹೇಳುವವರಲ್ಲಿ ಒಮ್ಮತವಿಲ್ಲ. ನಮಗೆ ಬೇಕಾದುದು ಕಾಳಿನ ಲೆಕ್ಕ. ಅದನ್ನು ೧೦೦೦ನೆಯ ಇಸವಿಯ ಸುಮಾರಿನಲ್ಲಿ ಅಲ್ ಬಿರೂನಿಯು ತನ್ನ ಕಾಲಗಣನೆಯ ಗ್ರಂಥದಲ್ಲಿ ಒಂದು ಕಾಳೂ ತಪ್ಪದಂತೆ ಕೊಟ್ಟಿರುವನು.

ಅರವತ್ತನಾಲ್ಕು ಮೊತ್ತಗಳನ್ನು ಬರೆದು ಕೂಡಬೇಕಾಗಿಲ್ಲ. ಒಂದು, ಎರಡು, ನಾಲ್ಕು ಇವು ಸೇರಿ ಏಳು. ಮುಂದಿನ ಮನೆಯಲ್ಲಿರುವುದು ಎಂಟು. ಯಾವ ಮನೆಯಲ್ಲಿ ನಿಂತು ನೋಡಿದರೂ ಅಲ್ಲಿರುವ ಕಾಳು ಹಿಂದಿನ ಮನೆಗಳ ಒಟ್ಟು ಕಾಳಿಗಿಂತ ಒಂದೇ ಒಂದು ಹೆಚ್ಚು. ಆದುದರಿಂದ ಅರವತ್ತೈದನೆಯ ಮನೆಯೊಂದಿದ್ದರೆ ಅದರಲ್ಲಿ ಎಷ್ಟಿರಬೇಕೆಂದು ಕಂಡು, ಒಂದನ್ನು ಕಳೆದರೆ ಮೊತ್ತವು ಬಂದುಬಿಡುವುದು. ಆ ಅರವತ್ತೈದನೆಯದು ಎರಡನ್ನು ಎರಡರಿಂದಲೇ ಗುಣಿಸುತ್ತ ಅರವತ್ತನಾಲ್ಕು ಬಾರಿ ತೆಗೆದುಕೊಂಡಾಗ ಬರುವ ಸಂಖ್ಯೆ.

ಇದಕ್ಕೂ ಒಂದು ಅಡ್ಡದಾರಿಯುಂಟು. ಅದು ನಮ್ಮ ದೇಶದ್ದೇ, ಅಲ್ ಬಿರೂನಿಗಿಂತ ಬಹು ಹಳೆಯದು. ಗಣಿತಗ್ರಂಥದಲ್ಲಿಯೂ ಅಲ್ಲ, ಪಿಂಗಳಾಚಾರ್ಯನ ಛಂದಃಶಾಸ್ತ್ರದಲ್ಲಿ ಇರುವುದು. ಪದ್ಯದ ಪಾದದಲ್ಲಿ ಒಂದೊಂದು ಅಕ್ಷರವೂ ಲಘುವಾಗಬಹುದು ಇಲ್ಲವೆ ಗುರುವಾಗಬಹುದು; ಆದುದರಿಂದ ಅಕ್ಷರವೊಂದು ಹೆಚ್ಚಿದರೆ ಪಾದವು ತಾಳಬಹುದಾದ ರೂಪಗಳು ಇಮ್ಮಡಿಸುವುವು. ನಮ್ಮ ಹಳೆಯ ಕವಿಗಳಿಗೆ ಪ್ರಿಯವಾದ ಮಹಾಸ್ರಗ್ಧರೆಯ ಪಾದಕ್ಕೆ ಇಪ್ಪತ್ತೆರಡು ಅಕ್ಷರ. ಇಪ್ಪತ್ತೆರಡು ಅಕ್ಷರಗಳ ಪ್ರಸ್ತಾರದಲ್ಲಿ ೪೧,೯೪,೩೦೪ ರೂಪಗಳು. ಮಹಾಸ್ರಗ್ಧರೆಯು ಅವುಗಳಲ್ಲಿ ಒಂದು. ಚದುರಂಗದ ಇಪ್ಪತ್ತಮೂರನೆಯ ಮನೆಯಲ್ಲಿ ಇರಬೇಕಾದ ಕಾಳೂ ಸರಿಯಾಗಿ ಅಷ್ಟೇ. ಇಂತಹ ಎಣಿಕೆಗಾಗಿ ಪಿಂಗಳನು ಹೇಳಿದ ಕ್ರಮವಿದು: ಅಕ್ಷರಗಳ ಸಂಖ್ಯೆಯು ಸಮವಾಗಿದ್ದರೆ ಅರ್ಧಮಾಡಬೇಕು, ಬೆಸವಾಗಿದ್ದರೆ ಒಂದನ್ನು ಕಳೆಯಬೇಕು, ಸೊನ್ನೆ ಬರುವವರೆಗೆ ಹೀಗೆ ಇಳಿಯಬೇಕು; ಆಮೇಲೆ ಒಂದರಿಂದ ಆರಂಭಿಸಿ ಬಂದ ದಾರಿಯಲ್ಲಿಯೇ ಹಿಂದಿರುಗುತ್ತ, ಒಂದನ್ನು ಕಳೆದಲ್ಲಿ ಇಮ್ಮಡಿಸಬೇಕು, ಅರ್ಧಮಾಡಿದಲ್ಲಿ ವರ್ಗಿಸಬೇಕು. ಅರವತ್ತನಾಲ್ಕು ಆರು ಸಲ ಅರ್ಧವಾಗಿ ಒಂದಕ್ಕೆ ಇಳಿಯುವುದು. ಆದುದರಿಂದ ಹಿಂದಿರುಗುವಾಗ ಎರಡರಿಂದ ಹೊರಟು ಆರು ಸಲ ವರ್ಗಿಸಿದರೆ ಮುಗಿಯಿತು: ೨, ೪, ೧೬, ೨೫೬, ೬೫,೫೩೬, ೪,೨೯,೪೯,೬೭,೨೯೬, ಕೊನೆಗೆ ೧,೮೪,೪೬,೭೪,೪೦,೭೩,೭೦,೯೫,೫೧,೬೧೬. ಇದರಲ್ಲಿ ಒಂದನ್ನು ಕಳೆದರೆ ನಮ್ಮ ಸಂಖ್ಯೆ. ಈ ಏಳು ಸಂಖ್ಯೆಗಳ ಸಾಲನ್ನು ವಾಚಕರು ಮರೆಯದೆ ಇಟ್ಟುಕೊಂಡಿರಬೇಕು; ಮುಂದೆ ಇವಕ್ಕೆ ಬಹಳ ಕೆಲಸವಿದೆ.

ಇಷ್ಟು ದೊಡ್ಡದನ್ನು ಬಾಯಲ್ಲಿ ಹೇಳುವುದು ಹೇಗೆ? ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಏಕದಿಂದ ಪರಾರ್ಧದವರೆಗೆ ಹದಿನೆಂಟು ಸ್ಥಾನಗಳ ಹೆಸರುಗಳಿವೆ. ಇಪ್ಪತ್ತು ಅಂಕಗಳಿಗೆ ಅವು ಸಾಲವು. ಆದರೆ ಭಾಸ್ಕರನಿಗಿಂತ ಸುಮಾರು ಮೂರು ಶತಮಾನ ಹಿಂದೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಹೆಸರುಗಳನ್ನು ಇಟ್ಟಿದ್ದಾನೆ. ಆತನ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನ ಮಹಾಶಂಖ, ಹತ್ತೊಂಬತ್ತನೆಯದು ಶಂಖ. ಹಾಗಾದರೆ ನಮ್ಮ ಸಂಖ್ಯೆ ಒಂದು ಮಹಾಶಂಖ, ಎಂಟು ಶಂಖ ಎಂದು ಆರಂಭವಾಗುವುದು. ಕನ್ನಡ ದೊರೆಯ ಆಶ್ರಯದಲ್ಲಿದ್ದವನ ಹೆಸರುಗಳು ಈ ಕೆಲಸಕ್ಕೆ ಒದಗಿದುದು ನಮಗೆ ಸಂತೋಷದ ವಿಷಯ.

ಇನ್ನು ತೂಕ. ಒಂದು ಕಿಲೋಗ್ರಾಂ ಅಕ್ಕಿಯಲ್ಲಿ ಸುಮಾರು ೪೦,೦೦೦ ಕಾಳುಗಳೆಂದು ಹಿಡಿಯೋಣ. ಹಾಸಿನ ಮೊದಲನೆಯ ಸಾಲಿನ ಎಂಟು ಮನೆಗಳಲ್ಲಿ ಒಟ್ಟು ೨೫೫ ಕಾಳು. ಅದು ಅಂಗೈಯ ಗುಳಿಯಲ್ಲಿ ನಿಲ್ಲುವಷ್ಟು. ಎರಡು ಸಾಲು ತುಂಬಿದಾಗ ೬೫,೫೩೫ ಕಾಳು. ಒಂದೂವರೆ ಕಿಲೋಗ್ರಾಮಿಗೆ ಸ್ವಲ್ಪ ಮೇಲೆ, ಒಂದು ಸಂಸಾರದ ಒಂದು ದಿನದ ಅಡಿಗೆಗೆ ಆದೀತು. ನಾಲ್ಕು ಸಾಲು, ಎಂದರೆ ಅರ್ಧ ಹಾಸು, ತುಂಬಿದಾಗ ೪,೨೯,೪೯,೬೭,೨೯೫ ಕಾಳು; ಇದು ೧೦೭ ಟನ್ನು. ಹತ್ತು ಟನ್ನಿನ ಲಾರಿಗಳು ಹನ್ನೊಂದು ಬಂದರೆ ಸಾಗಿಸಿಬಿಡಬಹುದು. ಇಲ್ಲಿಯವರೆಗೆ ರಾಜನು ಚಿಂತಿಸಬೇಕಾದ ಕಾರಣವೇ ಇಲ್ಲ. ಇಡೀ ಹಾಸಿಗೆ ಬೇಕಾದುದು ಮಾತ್ರ ಸುಮಾರು ೪೬,೦೦೦ ಕೋಟಿ ಟನ್ನು. ಈಗ ಪ್ರಪಂಚದಲ್ಲೆಲ್ಲ ವರ್ಷಕ್ಕೆ ಬೆಳೆಯುವ ಅಕ್ಕಿ ಐವತ್ತು ಕೋಟಿ ಟನ್ನಿಗೆ ತುಸು ಮೇಲೆ. ಒಬ್ಬರೂ ಒಂದು ತುತ್ತನ್ನೂ ಉಣ್ಣದೆ ಕೂಡಿಟ್ಟರೂ ಸುಮಾರು ಒಂಬೈನೂರು ವರ್ಷದ ಬೆಳೆ. ಈ ರಾಶಿಯಲ್ಲಿ ೨೫೬ ಪಾಲುಗಳನ್ನು ಮಾಡಿದರೆ ೨೫೫ ಪಾಲು ಕೊನೆಯ ಸಾಲೊಂದರಲ್ಲಿಯೇ ಇರುತ್ತದೆ. ಮೊದಲ ಏಳು ಸಾಲುಗಳಿಗೆ ಸೇರಿದುದು ಒಂದೇ ಪಾಲು. ಬಡ್ಡಿಯ ಮೇಲೆ ಬಡ್ಡಿ ಬೆಳೆದ ಸಾಲವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದೇ ಸಂಖ್ಯೆ ಕಾಶಿಯ ಹೆಸರಿನಲ್ಲಿಯೂ ಒಮ್ಮೆ ಪ್ರಚಾರಕ್ಕೆ ಬಂದಿತು. ಕಾಶಿಯ ದೇವಾಲಯವೊಂದರಲ್ಲಿ ಮೂರು ಸೂಜಿಗಂಬಗಳಿವೆಯೆಂದೂ, ಒಂದರಲ್ಲಿ ಬ್ರಹ್ಮನು ಅರವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ದೊಡ್ಡದರ ಮೇಲೆ ಚಿಕ್ಕದಾಗಿ ಏರಿಸಿಟ್ಟನೆಂದೂ, ಅರ್ಚಕರು ಹಗಲಿರುಳೂ ಒಂದೊಂದಾಗಿ ಅವನ್ನು ಬೇರೊಂದು ಕಂಬಕ್ಕೆ ಸಾಗಿಸುತ್ತಿರುವರೆಂದೂ, ಚಿಕ್ಕದರ ಮೇಲೆ ದೊಡ್ಡದನ್ನು ಇಡಲಾಗದೆಂಬ ನಿಯಮವುಂಟೆಂದೂ, ಕೆಲಸ ಮುಗಿದಂದು ಪ್ರಳಯವೆಂದೂ ಕಥೆ. ಇದು ಹುಟ್ಟಿದುದು ಕಾಶಿಯಲ್ಲಲ್ಲ, ಫ್ರಾನ್ಸಿನಲ್ಲಿ. ಎಡ್ವರ್ಡ್ ಲ್ಯೂಕಾ ಎಂಬ ಗಣಿತಜ್ಞನು ೧೮೮೩ರಲ್ಲಿ ಹೊರತಂದ ಆಟಿಕೆಯೊಂದಕ್ಕೆ ಹೊಂದಿಸಿದ ಅಲಂಕಾರವದು. ಆದರೆ ಆಟದ ಗಣಿತ ಅಪ್ಪಟವಾದುದು. ಬಿಲ್ಲೆಯೊಂದು ಹೆಚ್ಚಿದರೆ ಮೇಲಿನ ರಾಶಿಯನ್ನೆಲ್ಲ ಒಮ್ಮೆ ಆಚೆಗೆ ಸರಿಸಬೇಕು, ಹೊಸ ಬಿಲ್ಲೆಯನ್ನು ಸಾಗಿಸಬೇಕು, ರಾಶಿಯನ್ನು ಮರಳಿ ಅದರ ಮೇಲೆ ತರಬೇಕು. ಎಂದರೆ ಹಿಂದಿನ ಕೆಲಸದ ಎರಡರಷ್ಟು ಮತ್ತು ಒಂದು. ಒಂದು, ಮೂರು, ಏಳು, ಹದಿನೈದು ಎಂದು ಬೆಳೆದು ಅರವತ್ತನಾಲ್ಕು ಬಿಲ್ಲೆಗಳಿಗೆ ಬರುವುದು ನಮ್ಮ ಸಂಖ್ಯೆಯೇ. ಕ್ಷಣಕ್ಕೊಂದರಂತೆ, ಸೆಕೆಂಡಿನ ಲೆಕ್ಕದಲ್ಲಿ, ಸಾಗಿಸಿದರೂ ೫೮,೪೦೦ ಕೋಟಿ ವರ್ಷಗಳಿಗೆ ಮೇಲೆ ಹಿಡಿಯುವುದು. ಬ್ರಹ್ಮನ ಹಗಲಾದ ಕಲ್ಪಕ್ಕೆ ೪೩೨ ಕೋಟಿ ವರ್ಷಗಳಾದುದರಿಂದ ಇದು ೧೩೫ ಕಲ್ಪಗಳಷ್ಟಾಯಿತು. ಇಂದಿನ ಗಣಕಯಂತ್ರಗಳಲ್ಲಿಯೂ ಈ ಸಂಖ್ಯೆಗೆ ಒಂದು ಆಸನವಿದೆ. ಸೊನ್ನೆ, ಒಂದು ಎಂಬ ಎರಡೇ ಅಂಕಗಳಿಂದ ಲೆಕ್ಕಮಾಡುವ ಆ ಯಂತ್ರವು ಅರವತ್ತನಾಲ್ಕು ಸ್ಥಾನಗಳನ್ನೂ ಒಂದರಿಂದ ತುಂಬಿದಾಗ ಬರುವ ಬೆಲೆ ಇದೇ; ಅದರ ಮೇಲೆ ಒಂದನ್ನು ಕೂಡಿದರೆ ಆ ಸ್ಥಾನಗಳಲ್ಲೆಲ್ಲ ಸೊನ್ನೆ ಉಳಿಯುವುದು.

ಸಂಖ್ಯೆಯ ಹೊರಗಿನ ವೈಭವ ಇಷ್ಟು. ಇನ್ನು ಅದರ ಒಳಗನ್ನು ನೋಡೋಣ.

ಕೊನೆಯ ಅಂಕ ಐದು. ಆದುದರಿಂದ ಐದರಿಂದ ಭಾಗವಾಗುವುದು. ಅಂಕಗಳನ್ನೆಲ್ಲ ಕೂಡಿದರೆ ೮೭; ಆದುದರಿಂದ ಮೂರರಿಂದಲೂ ಭಾಗವಾಗುವುದು. ಮುಂದೇನು? ಇಲ್ಲಿ ಹಾಸನ್ನೇ ನೋಡಿದರೆ ದಾರಿ ತೋರುತ್ತದೆ. ಮೊದಲನೆಯ ಮನೆಯಲ್ಲಿ ಒಂದು ಕಾಳು. ಎರಡು ಮನೆಗಳ ಮೊತ್ತ ಅದರ ೩ರಷ್ಟು. ನಾಲ್ಕು ಮನೆಗಳ ಮೊತ್ತ ೧೫. ಇದು ಎರಡು ಮನೆಗಳ ಮೊತ್ತದ ೫ರಷ್ಟು. ಎಂಟು ಮನೆಗಳದು ೨೫೫. ನಾಲ್ಕರ ಮೊತ್ತದ ೧೭ರಷ್ಟು. ಹದಿನಾರು ಮನೆಗಳದು ಎಂಟರ ಮೊತ್ತದ ೨೫೭ರಷ್ಟು, ಮೂವತ್ತೆರಡು ಮನೆಗಳದು ಹದಿನಾರರ ಮೊತ್ತದ ೬೫,೫೩೭ರಷ್ಟು, ಇಡೀ ಹಾಸು ಅರ್ಧ ಹಾಸಿನ ೪,೨೯,೪೯,೬೭,೨೯೭ರಷ್ಟು. ಈ ಗುಣಕಗಳು ಯಾವುವು? ಪಿಂಗಳನ ದಾರಿಯಲ್ಲಿ ನಾವು ಬರೆದಿಟ್ಟುಕೊಂಡ ೨, ೪, ೧೬, ೨೫೬ ಮೊದಲಾದವಕ್ಕೆ ಒಂದೊಂದನ್ನು ಕೂಡಿದವೇ. ಹೀಗೆ ನಮ್ಮ ಇಪ್ಪತ್ತಂಕದ ಸಂಖ್ಯೆ ೩, ೫, ೧೭, ೨೫೭, ೬೫,೫೩೭, ೪,೨೯,೪೯,೬೭,೨೯೭ ಈ ಆರರ ಗುಣಲಬ್ಧವಾಗಿದೆ.

ಇವುಗಳಲ್ಲಿ ಮೊದಲಿನ ಐದೂ ಅವಿಭಾಜ್ಯಗಳು, ಎಂದರೆ ಒಂದು ಮತ್ತು ತಾವು ಇವೆರಡರ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದವು. ಆರನೆಯದು? ಈ ಪ್ರಶ್ನೆ ತೊಂಬತ್ತು ವರ್ಷಗಳಿಗೂ ಮೇಲ್ಪಟ್ಟು ಯೂರೋಪಿನ ಅತಿ ಶ್ರೇಷ್ಠ ಗಣಿತಜ್ಞನೊಬ್ಬನ ಮಾತಿನ ನೆರಳಿನಲ್ಲಿ ಕುಳಿತಿತ್ತು.

ಆತನು ಪಿಯರ್ ದ ಫರ್ಮಾ. ಫ್ರಾನ್ಸಿನ ಟೂಲೂಸ್ ನಗರದ ನ್ಯಾಯಸ್ಥಾನದಲ್ಲಿ ಅಧಿಕಾರಿಯಾಗಿದ್ದು, ಗಣಿತವನ್ನು ಬಿಡುವಿನ ವೇಳೆಯ ವಿನೋದವನ್ನಾಗಿ ಇಟ್ಟುಕೊಂಡಿದ್ದವನು. ೧೬೪೦ರಲ್ಲಿ ಆತನು ಸ್ನೇಹಿತರಿಗೆ ಬರೆದ ಕಾಗದದಲ್ಲಿ ಎರಡರಿಂದ ಹೊರಟು ವರ್ಗಿಸುತ್ತ ಹೋಗಿ ಒಂದನ್ನು ಕೂಡಿದರೆ ಬರುವ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು ತನ್ನ ನಂಬಿಕೆಯನ್ನು ತಿಳಿಸಿದನು. ಪೂರ್ಣವಾದ ಸಾಧನೆ ದೊರೆತಿಲ್ಲವೆಂದು ಒಪ್ಪಿಕೊಂಡರೂ ನಂಬಿಕೆಯನ್ನು ಬಿಡಲಿಲ್ಲ. ಐದು ಸಂಖ್ಯೆಗಳು ಸಾಲಾಗಿ ಸಾಕ್ಷಿ ನುಡಿದಿದ್ದವು. ಆರನೆಯದೂ ನುಡಿಯುವುದೆಂದು ಯಾರಿಗಾದರೂ ತೋರುವುದೇ. ವಿಚಿತ್ರವೆಂದರೆ ಆರನೆಯದನ್ನು ಪರೀಕ್ಷಿಸುವುದಕ್ಕೆ ಬೇಕಾದ ಸಾಧನವನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಫರ್ಮಾನೇ ಕಂಡುಹಿಡಿದಿದ್ದನು. ಆತನ ಹೆಸರಿನಿಂದಲೇ ಇಂದು ಪ್ರಸಿದ್ಧವಾಗಿರುವ ಪ್ರಮೇಯವದು. ತನ್ನ ಮನೆಯ ದೀಪವನ್ನು ತನ್ನ ಮನೆಯ ಮೂಲೆಗೆ ಹಿಡಿದು ನೋಡಲಿಲ್ಲ.

೧೭೨೯ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಖ್ ಎಂಬ ವಿದ್ವಾಂಸನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ತರುಣ ಲೆನಾರ್ಡ್ ಆಯ್ಲರನಿಗೆ ಕಾಗದ ಬರೆದು, ಫರ್ಮಾನ ಈ ಮಾತನ್ನು ಬಲ್ಲೆಯಾ ಎಂದು ಕೇಳಿದನು. ೧೭೩೨ರಲ್ಲಿ, ಇಪ್ಪತ್ತೈದು ವರ್ಷದ ಆಯ್ಲರನು ಉತ್ತರವನ್ನು ಪ್ರಕಟಪಡಿಸಿದನು: ೪,೨೯,೪೯,೬೭,೨೯೭ ಎಂಬುದು ೬೪೧ರಿಂದ ನಿಶ್ಶೇಷವಾಗಿ ಭಾಗವಾಗುವುದು, ಭಾಗಲಬ್ಧ ೬೭,೦೦,೪೧೭.

ಇಷ್ಟೇ! ಯಾವ ಉಪಾಯವನ್ನೂ ಅರಿಯದವನು ಎರಡು, ಮೂರು, ಐದು, ಏಳು ಎಂದು ಅವಿಭಾಜ್ಯಗಳನ್ನು ಒಂದೊಂದಾಗಿ ಹಿಡಿದು ಭಾಗಿಸುತ್ತ ಹೋಗಿದ್ದರೂ ೧೧೬ನೆಯ ಭಾಗಾಕಾರದಲ್ಲಿ ೬೪೧ ಸಿಕ್ಕುತ್ತಿತ್ತು. ಶ್ರದ್ಧೆಯುಳ್ಳ ಶಾಲೆಯ ಹುಡುಗನೊಬ್ಬನಿಗೆ ನಾಲ್ಕು ಸಂಜೆಗಳ ಕೆಲಸ. ಆಯ್ಲರನು ಅಷ್ಟೂ ಕಷ್ಟಪಡಬೇಕಾಗಿರಲಿಲ್ಲ. ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದಿದ್ದರೂ ಅದನ್ನು ೬೪ರಿಂದ ಭಾಗಿಸಿದಾಗ ಒಂದು ಶೇಷ ಉಳಿಯಲೇಬೇಕೆಂದು ಆತನು ಮುಂದೆ ತೋರಿಸಿದನು. ಅಂತಹ ಅವಿಭಾಜ್ಯಗಳು ೧೯೩, ೨೫೭, ೪೪೯, ೫೭೭, ೬೪೧ ಎಂಬ ಕ್ರಮದಲ್ಲಿ ಬರುವುವು. ಐದನೆಯ ಬಾಗಿಲು ತಟ್ಟಿದೊಡನೆ ತೆರೆಯಿತು.

೬೪೧ ಏಕೆ ಭಾಗಿಸುವುದೆಂಬುದನ್ನು ದೊಡ್ಡ ಭಾಗಾಕಾರವಿಲ್ಲದೆಯೂ ಕಾಣಬಹುದು. ಈ ಯುಕ್ತಿ ಬಹು ಸೊಗಸಾಗಿರುವುದರಿಂದ ಬಿಡಲು ನಮಗೆ ಮನಸ್ಸಿಲ್ಲ. ಲೆಕ್ಕವನ್ನು ಒಲ್ಲದವರು ಮುಂದಿನ ಭಾಗಕ್ಕೆ ಹೋಗಬಹುದು. ೬೪೧ ಎಂದರೆ ೬೨೫ ಮತ್ತು ೧೬. ಐದರ ಚತುರ್ಘಾತಕ್ಕೆ ಎರಡರ ಚತುರ್ಘಾತವನ್ನು ಕೂಡಿದುದು. ಅದೇ ೬೪೧ ಎಂದರೆ ೬೪೦ ಮತ್ತು ಒಂದು ಸಹ ಹೌದು. ಆ ೬೪೦ ಎಂಬುದು ೫ ಮತ್ತು ೧೨೮ರ ಗುಣಲಬ್ಧ. ಈಗ ೬೪೧ನ್ನು ಇಪ್ಪತ್ತೊಂಬತ್ತನೆಯ ಮನೆಯ ಕಾಳಿನಿಂದ, ಎಂದರೆ ೨೬,೮೪,೩೫,೪೫೬ರಿಂದ ಗುಣಿಸಿರಿ. ೬೨೫ರ ಪಾಲಿಗೆ ಬರುವುದು ಸರಿಯಾಗಿ ೬೪೦ರ ಚತುರ್ಘಾತ. ೧೬ರ ಪಾಲಿಗೆ ಬರುವುದು ೪,೨೯,೪೯,೬೭,೨೯೬. ಇತ್ತ ೬೪೦ರ ಚತುರ್ಘಾತದಲ್ಲಿ ಒಂದನ್ನು ಕಳೆದರೆ ಉಳಿಯುವುದು ೬೪೧ರಿಂದ ಭಾಗವಾಗುವುದು. ಏಕೆಂದರೆ ೬೪೦ರ ವರ್ಗದಲ್ಲಿ ಒಂದು ಕಳೆದರೆ ಬರುವುದು ೬೩೯ ಮತ್ತು ೬೪೧ರ ಗುಣಲಬ್ಧ, ಚತುರ್ಘಾತದಲ್ಲಿ ಒಂದು ಕಳೆದುದು ಅದರ ಅಪವರ್ತ್ಯ. ಎರಡೂ ೬೪೧ರಿಂದ ಭಾಗವಾಗುವುದರಿಂದ ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಬರುವುದೂ ಭಾಗವಾಗಲೇಬೇಕು. ಕಳೆದು ನೋಡಿರಿ: ಚತುರ್ಘಾತವು ಹೊರಟುಹೋಗಿ ೪,೨೯,೪೯,೬೭,೨೯೬ ಮತ್ತು ಒಂದು ಉಳಿಯುವುದು.

ಆಯ್ಲರನಿಂದ ಎಂಬತ್ತು ವರ್ಷಗಳಾದ ಮೇಲೆ ಇದೇ ಸಂಖ್ಯೆಯನ್ನು ಲಂಡನ್ನಿನಲ್ಲಿ ಎಂಟು ವರ್ಷದ ಬಾಲಕನ ಮುಂದೆ ಇಟ್ಟರು. ಅಮೆರಿಕದಲ್ಲಿ ೧೮೦೪ರಲ್ಲಿ ಹುಟ್ಟಿದ ಝೀರಾ ಕೋಲ್ಬರ್ನ್ ಎಂಬ ಆ ಹುಡುಗನನ್ನು ತಂದೆಯು ಊರೂರಿಗೆ ಕರೆದೊಯ್ದು ಬಾಯಿಲೆಕ್ಕದ ಪ್ರದರ್ಶನವನ್ನು ಮಾಡಿಸುತ್ತಿದ್ದನು. ಬಾಲಕನು ಬಳಪವನ್ನು ಮುಟ್ಟದೆ ೬೪೧ ಎಂದು ಹೇಳಿದನೆಂದು ಆ ಕಾಲದ ವರದಿ. ಹೇಗೆ ಕಂಡೆಯೆಂದರೆ ಹೇಳಲು ತಿಳಿಯದು. ದೊಡ್ಡವನಾದ ಮೇಲೆ ಆ ಶಕ್ತಿಯು ಕುಂದಿಹೋಯಿತು. ಮೂವತ್ತೈದು ತುಂಬುವ ಮೊದಲೇ, ೧೮೩೯ರಲ್ಲಿ, ತೀರಿಕೊಂಡನು. ಮಕ್ಕಳ ಜಾಣತನವನ್ನು ಸಭೆಗಳಲ್ಲಿ ಮೆರೆಯಿಸುವ ತಂದೆತಾಯಿಗಳನ್ನು ಕಂಡಾಗಲೆಲ್ಲ ನಮಗೆ ಈತನ ನೆನಪಾಗುವುದುಂಟು.

೬೭,೦೦,೪೧೭ ಇನ್ನು ಒಡೆಯುವುದಿಲ್ಲ. ಆದುದರಿಂದ ನಮ್ಮ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು ಏಳು: ೩, ೫, ೧೭, ೨೫೭, ೬೪೧, ೬೫,೫೩೭, ೬೭,೦೦,೪೧೭. ಯಾವುದೂ ಎರಡು ಸಲ ಬರುವುದಿಲ್ಲ. ಪ್ರತಿಯೊಂದನ್ನೂ ಸೇರಿಸಬಹುದು ಇಲ್ಲವೆ ಬಿಡಬಹುದು. ಲಘುಗುರುಗಳ ಲೆಕ್ಕವೇ ಮರಳಿ ಬಂದು, ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು ೧೨೮ ಆಗುವುವು. ಸಿಸ್ಸನು ತನ್ನ ಕಾಳನ್ನು ೬೪೧ ಮಂದಿಗೆ ಹಂಚಿದ್ದರೆ ತಲೆಗೆ ೨೮,೭೭,೮೦,೭೧,೮೭,೭೮,೬೨,೦೧೫ ಬಂದು ಒಂದು ಕಾಳೂ ಮಿಗುತ್ತಿರಲಿಲ್ಲ.

ಫರ್ಮಾನ ಮಾತು ಸುಳ್ಳಾಯಿತು. ಆದರೆ ಆತನ ಸಂಖ್ಯೆಗಳು ವ್ಯರ್ಥವಾಗಲಿಲ್ಲ. ೧೭೯೬ರ ಮಾರ್ಚಿ ೩೦ರಂದು, ಇನ್ನೂ ಹತ್ತೊಂಬತ್ತು ತುಂಬದ ಕಾರ್ಲ್ ಫ್ರೀಡ್ರಿಖ್ ಗೌಸನು, ಕೈವಾರ ಮತ್ತು ಗೆರೆಪಟ್ಟಿ ಇವೆರಡರಿಂದಲೇ ಹದಿನೇಳು ಸಮಭುಜಗಳ ಆಕೃತಿಯನ್ನು ರಚಿಸಬಹುದೆಂದು ಕಂಡನು. ಮೂರು, ಐದು, ಹದಿನೈದು ಭುಜಗಳದನ್ನು ಗ್ರೀಕರು ಬಲ್ಲವರಾಗಿದ್ದರು. ಅಲ್ಲಿಂದ ಎರಡು ಸಾವಿರ ವರ್ಷ ಯಾರೂ ಮುಂದೆ ಹೋಗಿರಲಿಲ್ಲ. ಭಾಷಾಶಾಸ್ತ್ರವೋ ಗಣಿತವೋ ಎಂದು ತೂಗಾಡುತ್ತಿದ್ದ ಗೌಸನ ಮನಸ್ಸು ಆ ದಿನ ಗಣಿತಕ್ಕೆ ನಿಂತಿತು. ಭುಜಗಳು ಬೆಸವಾಗಿರುವಾಗ, ಅವುಗಳ ಸಂಖ್ಯೆ ಫರ್ಮಾನ ಸಾಲಿನ ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾಗಿದ್ದರೆ ಆಕೃತಿ ಸಾಧ್ಯ, ಇಲ್ಲವಾದರೆ ಅಸಾಧ್ಯ. ಈ ಅಸಾಧ್ಯದ ಭಾಗವನ್ನು ವಾಂಟ್ಸೆಲ್ ಎಂಬುವನು ೧೮೩೭ರಲ್ಲಿ ಸಾಧಿಸಿದನು.

ಈಗ ಹಾಸಿಗೆ ಹಿಂದಿರುಗೋಣ. ಎರಡು ಮನೆ, ನಾಲ್ಕು ಮನೆ, ಎಂಟು, ಹದಿನಾರು, ಮೂವತ್ತೆರಡು ಮನೆಗಳ ಕಾಳಿನ ಮೊತ್ತದಷ್ಟು ಭುಜಗಳುಳ್ಳ ಆಕೃತಿಗಳೆಲ್ಲವೂ ಸಾಧ್ಯ. ಅರ್ಧ ಹಾಸಿನ ೪,೨೯,೪೯,೬೭,೨೯೫ ಎಂಬುದಂತೂ ಹೀಗೆ ರಚಿಸಬಹುದೆಂದು ಇಂದು ತಿಳಿದಿರುವ ಬೆಸ ಭುಜಗಳ ಆಕೃತಿಗಳಲ್ಲಿ ಅತಿ ದೊಡ್ಡದು. ಇಡೀ ಹಾಸಿನದು ಅಸಾಧ್ಯ. ನಡುವೆ ೬೪೧ ಬಂದು ಕುಳಿತಿದೆ. ಅಸಾಧ್ಯವಲ್ಲದುದೆಲ್ಲ ಸುಲಭವೆಂದು ಮಾತ್ರ ತಿಳಿಯಬಾರದು. ಹರ್ಮೆಸ್ ಎಂಬ ಜರ್ಮನ್ ಗಣಿತಜ್ಞನು ೬೫,೫೩೭ ಭುಜಗಳ ಆಕೃತಿಯ ರಚನಾಕ್ರಮವನ್ನು ಬಿಡಿಸುವುದಕ್ಕೆ ಸುಮಾರು ಹತ್ತು ವರ್ಷ ದುಡಿದನು. ಆತನ ಹಸ್ತಪ್ರತಿಯು ಗ್ಯೋಟಿಂಗನ್ ವಿಶ್ವವಿದ್ಯಾಲಯದಲ್ಲಿ ಪೆಟ್ಟಿಗೆಯೊಂದರಲ್ಲಿದೆ. ಒಂದು ಮೀಟರು ತ್ರಿಜ್ಯದ ವೃತ್ತದೊಳಗೆ ಆ ಆಕೃತಿಯನ್ನು ಬರೆದರೆ ಒಂದೊಂದು ಭುಜವೂ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆಯಾಗಿ, ಕಣ್ಣಿಗೆ ವೃತ್ತವೇ ಕಾಣುವುದು.

ಫರ್ಮಾನ ಸಾಲಿನಲ್ಲಿ ಆರನೆಯ ಅವಿಭಾಜ್ಯವೊಂದು ದೊರೆತರೆ ರಚಿಸಬಹುದಾದ ಆಕೃತಿಗಳ ಪಟ್ಟಿಯೂ ಬೆಳೆಯುವುದು. ಅದಕ್ಕಾಗಿ ಹುಡುಕಾಟ ಇನ್ನೂ ನಡೆದಿದೆ. ೩ನ್ನು ಮೊದಲನೆಯದೆಂದು ಎಣಿಸಿದರೆ, ಆಯ್ಲರನು ಒಡೆದ ಆರನೆಯದರಿಂದ ಮೂವತ್ತಮೂರನೆಯದರವರೆಗೆ ಇರುವ ಎಲ್ಲವೂ ಭಾಜ್ಯಗಳೆಂದು ಸಿದ್ಧವಾಗಿದೆ. ಅವುಗಳಲ್ಲಿ ಕೆಲವನ್ನು ಯಾವುದು ಭಾಗಿಸುವುದೆಂದು ಮಾತ್ರ ಗೊತ್ತಿಲ್ಲ. ಮೂವತ್ತನಾಲ್ಕನೆಯದಕ್ಕೆ ಇನ್ನೂರ ಐವತ್ತೆಂಟು ಕೋಟಿಗೂ ಹೆಚ್ಚು ಅಂಕಗಳಿವೆ. ಅದು ಅವಿಭಾಜ್ಯವೋ ಭಾಜ್ಯವೋ ಎಂಬುದನ್ನು ಬಲ್ಲವರು ಇಂದಿಗೂ ಯಾರೂ ಇಲ್ಲ.